ತಂಬೂರಿ ಹಿಡಿದವರ ದನಿ

ಗಂಗೂಬಾಯಿ ಹಾನಗಲ್ಲರ ಹಳೆಯ ಕಛೇರಿಗಳ ಧ್ವನಿಮುದ್ರಣಗಳಲ್ಲಿ ಎರಡು ಕಂಠಗಳಿವೆ. ಒಂದು, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಡುಸಾಗಿ, ಗಂಡುದನಿಯೆಂದೇ ಹೆಸರಾದ ಬಾಯಿಯವರದ್ದು. ಅದು ಉಸಿರಿಗೆಂದು ನಿಂತ ಗಳಿಗೆಯಲ್ಲೇ ಸ್ವರವನ್ನು ಎತ್ತಿಕೊಂಡು ಮುಂದೆ ಒಯ್ಯುವ ಇನ್ನೊಂದು ದನಿ ಮಗಳು ಕೃಷ್ಣಾ ಹಾನಗಲ್ಲರದ್ದು.

ಹುಬ್ಬಳ್ಳಿ-ಧಾರವಾಡದ ಗಾಯಕರ ಮನೆಗಳಲ್ಲಿ ಇದಕ್ಕೆ ಸಾಥ್ ಅನ್ನುತ್ತಾರೆ. ತಂಬೂರಿ ಮೀಟುತ್ತ ಹಿಂದೆ ಕೂತ ಶಿಷ್ಯ ಅಥವಾ ಮಗಳು ಇಡೀ ಕಛೇರಿಯನ್ನು ಕಿವಿಯಲ್ಲಿ ಹಿಡಿದಿರಬೇಕು. ಕಿರಾಣಾ ಘರಾಣೆಯ ವಿಲಂಬಿತ ಖ್ಯಾಲಿನಲ್ಲಿ ಒಂದೊಂದೇ ಸ್ವರ ಬಿಚ್ಚಿಕೊಳ್ಳುವುದರಿಂದ ಈ ಕೆಲಸ ಇನ್ನೂ ಕಷ್ಟ. ಗುರು ಬಿಟ್ಟ ಸ್ವರಕ್ಕೇ ಹೋಗಿ ಸೇರಬೇಕು. ಗುರು ಇನ್ನೂ ಮುಟ್ಟದ ಸ್ವರವನ್ನು ತಾನು ಮೊದಲು ಮುಟ್ಟಬಾರದು. ಗುರು ಬಾಯಿ ತೆರೆದೊಡನೆ ಸುಮ್ಮನಾಗಬೇಕು. ಸ್ವಂತ ಕಛೇರಿ ಮಾಡಬಲ್ಲಷ್ಟು ವಿದ್ಯೆ ಇದ್ದವರಿಗೆ ಮಾತ್ರ ಇದು ಸಾಧ್ಯ.

ಕೃಷ್ಣಾ ಅವರಿಗೆ ಆ ವಿದ್ಯೆ ಇತ್ತು. ಆದರೂ ದಶಕಗಳ ಕಾಲ ತಾಯಿಯ ಹಿಂದೆ ಕೂತೇ ಹಾಡಿದರು. 2004ರಲ್ಲಿ ಅವರು ತೀರಿಕೊಂಡರು. ಗಂಗೂಬಾಯಿ 2009ರವರೆಗೆ ಬದುಕಿದ್ದರು. ಹಾಗೆ ನೋಡಿದರೆ ಬಾಯಿಯವರ ಹೆಸರೂ ಮೊದಲಿಗೆ ಮರೆಯಲ್ಲೇ ಇತ್ತು. 1930ರ ದಶಕದ ಅವರ ಆರಂಭದ ಗ್ರಾಮಫೋನ್ ತಟ್ಟೆಗಳು ಮಾರಾಟವಾದದ್ದು ಗಾಂಧಾರಿ ಎಂಬ ಹೆಸರಿನಲ್ಲಿ.

ಧಾರವಾಡದ ಇನ್ನೊಂದು ಜೋಡಿ ಮಲ್ಲಿಕಾರ್ಜುನ ಮನಸೂರ ಮತ್ತು ಅವರ ಮಗ ರಾಜಶೇಖರ ಮನಸೂರ. ಜೈಪುರ-ಅತ್ರೌಳಿ ಘರಾಣೆಯ ಅಪರೂಪದ ಜೋಡುರಾಗಗಳಲ್ಲಿ ತಂದೆ ಎಲ್ಲಿ ತಿರುಗುತ್ತಾರೆಂದು ಊಹಿಸಿ ಜೊತೆಗೂಡುವುದು ಸಣ್ಣ ಮಾತಲ್ಲ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ರಾಜಶೇಖರರು 1992ರಲ್ಲಿ ತಂದೆ ಅಗಲಿದ ಮೇಲೂ ಆ ರಾಗಗಳನ್ನು ಹಾಡಿ ಉಳಿಸಿದರು. 2022ರಲ್ಲಿ ನಿಧನರಾದರು.

ಜೊತೆಗೆ ಹಾಡಿದವರ ಹೆಸರು ಮರೆಯಲ್ಲೇ ಉಳಿಯುವ ಇಂಥ ಕಥೆ ದೂರದ ಅಮೆರಿಕದಲ್ಲೂ ಇದೆ. 1963ರಲ್ಲಿ ಅಲ್ಲಿನ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ, ಜಾನ್ ಮತ್ತು ಡೀನ್ ಜೋಡಿಯ ‘ಸರ್ಫ್ ಸಿಟಿ’ಯಲ್ಲಿ ಬೀಚ್ ಬಾಯ್ಸ್ ತಂಡದ ಬ್ರಯಾನ್ ವಿಲ್ಸನ್ ದನಿಯೂ ಇದೆ. ಹಾಡಿದವರೆಂದು ತಟ್ಟೆಯ ಮೇಲಿದ್ದದ್ದು ಆ ಇಬ್ಬರ ಹೆಸರು ಮಾತ್ರ. 1965ರಲ್ಲಿ ಬೀಚ್ ಬಾಯ್ಸ್‌ನ ‘ಬಾರ್ಬರಾ ಆನ್’ಗೆ ಡೀನ್ ಟೋರೆನ್ಸ್ ಹಾಡಿದಾಗಲೂ ಅವರ ಹೆಸರು ಬರಲಿಲ್ಲ. ಅಲ್ಲಿ ಬೇರೆ ಬೇರೆ ಕಂಪನಿಗಳ ಕರಾರು ಅಡ್ಡ ಬಂದರೆ, ಇಲ್ಲಿ ಗುರುವಿನ ಮುಂದೆ ತನ್ನ ಹೆಸರು ಹೇಳಿಕೊಳ್ಳದ ರೂಢಿ. ಕಾರಣ ಬೇರೆಯಾದರೂ ನಷ್ಟ ಕೇಳುಗನದ್ದೇ.

ಧ್ವನಿಮುದ್ರಣಗಳಲ್ಲಿ ತಬಲಾ, ಹಾರ್ಮೋನಿಯಂ ನುಡಿಸಿದವರನ್ನು ಹೆಸರಿಸಿ ಜೊತೆಗೆ ಹಾಡಿದವರನ್ನು ಬಿಡುವುದಕ್ಕೆ ಈಗ ಯಾವ ಸಮರ್ಥನೆಯೂ ಇಲ್ಲ. ಅವಳಿ ನಗರದ ಎಷ್ಟೋ ಮನೆಗಳಲ್ಲಿ ಖಾಸಗಿ ಬೈಠಕ್‌ಗಳ ಕ್ಯಾಸೆಟ್‌ಗಳು ಇನ್ನೂ ಇವೆ. ಅವನ್ನು ಗಣಕಕ್ಕೆ ಇಳಿಸುವವರು ಹಿಂದೆ ಕೂತು ಹಾಡಿದವರು ಯಾರೆಂದು ಮನೆಯ ಹಿರಿಯರನ್ನು ಕೇಳಿ, ಆ ಹೆಸರನ್ನೂ ಬರೆದಿಡಲಿ.