ಗೂಢನಾಣ್ಯವೂ ಗೃಹಸ್ಥನ ಯೋಗಕ್ಷೇಮವೂ

ಯೋಗಕ್ಷೇಮವೆಂಬ ಮಾತನ್ನು ನಾವು ದಿನವೂ ಆಡುತ್ತೇವೆ. ಕಾಗದ ಬರೆಯುವಾಗ ಮೊದಲ ಸಾಲಿನಲ್ಲಿಯೇ ಅದನ್ನು ವಿಚಾರಿಸುತ್ತೇವೆ. ಆದರೆ ಆ ಒಂದು ಮಾತಿನಲ್ಲಿ ಎರಡು ಅರ್ಥಗಳು ಕೂಡಿಕೊಂಡಿರುವುದನ್ನು ಮರೆತುಬಿಡುತ್ತೇವೆ. ತನ್ನಲ್ಲಿಲ್ಲದ ವಸ್ತುವನ್ನು ಸಂಪಾದಿಸುವುದು ಯೋಗವು. ಸಂಪಾದಿಸಿದುದನ್ನು ಕೆಡದಂತೆ ಕಾಪಾಡುವುದು ಕ್ಷೇಮವು. ಈಚಿನ ವರ್ಷಗಳಲ್ಲಿ ನಮ್ಮ ಮನೆಗಳ ಜಗಲಿಯವರೆಗೂ ಬಂದಿರುವ ಕ್ರಿಪ್ಟೋಕರೆನ್ಸಿ ಎಂಬ ಹೊಸ ಬಗೆಯ ಧನದ ವಿಷಯದಲ್ಲಿ ಯೋಗದ ಮಾತನ್ನಾಡುವವರು ಬಹುಮಂದಿ. ಕ್ಷೇಮದ ಮಾತನ್ನಾಡುವವರು ವಿರಳ.

ಪಟ್ಟಣದಲ್ಲಿ ಉದ್ಯೋಗದಲ್ಲಿರುವ ಮಗನು ಹಬ್ಬಕ್ಕೆಂದು ಊರಿಗೆ ಬಂದವನು, "ಅಪ್ಪಾ, ನಿಮ್ಮ ಠೇವಣಿಯ ಹಣದಲ್ಲಿ ಸ್ವಲ್ಪವನ್ನು ಬಿಟ್‌ಕಾಯಿನ್ನಿಗೆ ಹಾಕಬಾರದೇ?" ಎಂದು ಕೇಳುವುದು ಈಗ ಸಾಮಾನ್ಯವಾಗಿದೆ. ತಂದೆಯು ಗದರಿಸಿ ಬಾಯಿ ಮುಚ್ಚಿಸಿದರೆ ಮಗನು ಹೇಳದೆಯೇ ಹಾಕುವನು. ಒಪ್ಪಿದರೆ ಇಬ್ಬರೂ ತಿಳಿಯದೆಯೇ ಹಾಕುವರು. ಇವೆರಡರಲ್ಲಿ ಯಾವುದೂ ಮನೆಗೆ ಹಿತವಲ್ಲ. ಆದುದರಿಂದ ಈ ಧನದ ಸ್ವರೂಪವೇನು, ಇದನ್ನು ಕಾಪಾಡುವ ಬಗೆಯೇನು, ಕೊಳ್ಳುವ ಮಾರುವ ನಿಯಮಗಳೇನು, ಬೆಲೆಯ ಕಾಲವನ್ನು ಅರಿಯಬಹುದೇ ಎಂಬ ನಾಲ್ಕು ಪ್ರಶ್ನೆಗಳನ್ನು ಗೃಹಸ್ಥರ ಉಪಯೋಗಕ್ಕಾಗಿ ಇಲ್ಲಿ ವಿಚಾರಿಸುವೆವು.

ಸ್ವರೂಪ

2008ನೆಯ ಇಸವಿ ಅಕ್ಟೋಬರ್ 31ರಂದು ಸತೋಷಿ ನಕಮೊಟೊ ಎಂಬ ಹೆಸರಿನಿಂದ ಒಂಬತ್ತು ಪುಟಗಳ ಒಂದು ಲೇಖನವು ಪ್ರಕಟವಾಯಿತು. ಆ ಹೆಸರಿನವರು ಒಬ್ಬರೋ ಹಲವರೋ ಎಂಬುದು ಇಂದಿಗೂ ಸಿದ್ಧಪಟ್ಟಿಲ್ಲ. ಅದರಲ್ಲಿ ಹೇಳಿದ ಕ್ರಮದಂತೆ 2009ರ ಜನವರಿ 3ರಂದು ಬಿಟ್‌ಕಾಯಿನ್ ಎಂಬ ನಾಣ್ಯದ ಲೆಕ್ಕವು ಆರಂಭವಾಯಿತು.

ನಾಣ್ಯವೆಂದ ಮಾತ್ರಕ್ಕೆ ಅದು ಲೋಹದ ಬಿಲ್ಲೆಯಲ್ಲ. ಅದು ಕೇವಲ ಒಂದು ಲೆಕ್ಕದ ನಮೂದು. ಹಿಂದೆ ಊರಿನ ಜಮೀನಿನ ಲೆಕ್ಕವೆಲ್ಲ ಶಾನುಭೋಗರ ಪುಸ್ತಕವೊಂದರಲ್ಲಿಯೇ ಇರುತ್ತಿದ್ದಿತು; ಆ ಪುಸ್ತಕವನ್ನು ತಿದ್ದಿದರೆ ಹೊಲದ ಒಡೆತನವೇ ಬದಲಾಗುತ್ತಿದ್ದಿತು. ಇಲ್ಲಿಯಾದರೋ ಒಂದೇ ಲೆಕ್ಕದ ಪ್ರತಿಗಳು ಜಗತ್ತಿನ ಸಾವಿರಾರು ಗಣಕಯಂತ್ರಗಳಲ್ಲಿ ಏಕಕಾಲದಲ್ಲಿ ಇರುತ್ತವೆ. ಸುಮಾರು ಹತ್ತು ನಿಮಿಷಕ್ಕೊಂದರಂತೆ ಹೊಸ ಪುಟವು ಸೇರುತ್ತದೆ. ಪ್ರತಿಯೊಂದು ಪುಟವೂ ಹಿಂದಿನ ಪುಟದ ಗುರುತನ್ನು ತನ್ನೊಳಗೆ ಹೊತ್ತಿರುವುದರಿಂದ, ಹಳೆಯದೊಂದನ್ನು ತಿದ್ದಬೇಕಾದರೆ ಮುಂದಿನ ಎಲ್ಲವನ್ನೂ ಮತ್ತೆ ಬರೆಯಬೇಕಾಗುತ್ತದೆ. ಪುಟವನ್ನು ಸೇರಿಸುವ ಶ್ರಮಕ್ಕೆ ಕೂಲಿಯಾಗಿ ಹೊಸ ನಾಣ್ಯಗಳು ದೊರೆಯುತ್ತವೆ. ಆರಂಭದಲ್ಲಿ ಪುಟಕ್ಕೆ 50 ಇದ್ದ ಕೂಲಿಯು 2012, 2016, 2020, 2024ನೆಯ ಇಸವಿಗಳಲ್ಲಿ ಒಂದೊಂದು ಸಲ ಅರ್ಧಕ್ಕಿಳಿದು 3.125 ಆಗಿದೆ. ಒಟ್ಟು ಸಂಖ್ಯೆಯು 2 ಕೋಟಿ 10 ಲಕ್ಷವನ್ನು ಮೀರುವಂತಿಲ್ಲ.

ಈ ಮಿತಿಯನ್ನು ನೋಡಿಯೇ ಕೆಲವರು ಇದನ್ನು ಚಿನ್ನಕ್ಕೆ ಹೋಲಿಸುತ್ತಾರೆ. ಹೋಲಿಕೆಯು ಅರ್ಧ ಮಾತ್ರ ಸರಿ. ಚಿನ್ನವು ಬೆಲೆ ಇಳಿದರೂ ಮಗಳ ಕೊರಳಲ್ಲಿ ಸರವಾಗಿ ಉಳಿಯುವುದು. ಹೊಲವು ಬೆಳೆಯನ್ನೂ, ಮನೆಯು ಬಾಡಿಗೆಯನ್ನೂ, ಠೇವಣಿಯು ಬಡ್ಡಿಯನ್ನೂ ಕೊಡುವುವು. ಬಿಟ್‌ಕಾಯಿನ್ನು ತಾನಾಗಿ ಏನನ್ನೂ ಹೆರುವುದಿಲ್ಲ. ಮುಂದೆ ಕೊಳ್ಳುವವನು ಎಷ್ಟು ಕೊಡುವನೋ ಅಷ್ಟೇ ಅದರ ಬೆಲೆ. 2010ರ ಮೇ 22ರಂದು ಅಮೆರಿಕದ ಫ್ಲೋರಿಡಾದಲ್ಲಿ ಒಬ್ಬನು 10,000 ಬಿಟ್‌ಕಾಯಿನ್ನುಗಳನ್ನು ಕೊಟ್ಟು ಎರಡು ಪಿಜ್ಜಾಗಳನ್ನು ತರಿಸಿಕೊಂಡನು. ಅಂದಿನ ಬೆಲೆ ಅಷ್ಟೇ. ಇದನ್ನು ನೋಡಿ ಹುಟ್ಟಿದ ಬೇರೆ ನಾಣ್ಯಗಳಾದರೋ ಸಾವಿರಾರು. ಅವುಗಳಲ್ಲಿ ಎಷ್ಟೋ ಹೆಸರಿಲ್ಲದೆ ಹೋಗಿವೆ. ಸದಾ ಒಂದು ಡಾಲರಿಗೆ ಸಮನಾಗಿರುವುದೆಂದು ಸಾರಿದ್ದ ಟೆರಾ ಯುಎಸ್‌ಡಿ ಎಂಬ ನಾಣ್ಯವು 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಕುಸಿದುಹೋಯಿತು.

ರಕ್ಷಣೆ

ಗೂಢನಾಣ್ಯವು ಮೊಬೈಲಿನಲ್ಲಿದೆ ಎಂದು ಹಲವರು ತಿಳಿಯುವರು. ಅದು ತಪ್ಪು. ನಾಣ್ಯವಿರುವುದು ಆ ಮಹಾಲೆಕ್ಕದಲ್ಲಿ. ಒಡೆಯನ ಕೈಯಲ್ಲಿರುವುದು ಬೀಗದ ಕೈ ಮಾತ್ರ. ಈ ಬೀಗದ ಕೈಯು ಅತಿ ದೊಡ್ಡದಾದ ಒಂದು ರಹಸ್ಯಸಂಖ್ಯೆ. ಅದನ್ನು ಮನುಷ್ಯರು ಬರೆದಿಡಲು ಅನುಕೂಲವಾಗುವಂತೆ 2048 ಇಂಗ್ಲಿಷ್ ಪದಗಳ ಒಂದು ಪಟ್ಟಿಯಿಂದ ಆಯ್ದ 12 ಅಥವಾ 24 ಪದಗಳ ಸಾಲಾಗಿ ಮಾಡಿಕೊಡುವುದು ರೂಢಿಯಾಗಿದೆ. ಆ ಪದಗಳನ್ನು ಕ್ರಮವಾಗಿ ಬಲ್ಲವನೇ ಧನದ ಒಡೆಯನು. ಅವು ಕಳೆದುಹೋದರೆ ಅರ್ಜಿ ಕೊಡಲು ಕಛೇರಿಯಿಲ್ಲ, ಮೊರೆಯಿಡಲು ಅಧಿಕಾರಿಯಿಲ್ಲ. ವೇಲ್ಸ್ ದೇಶದ ನ್ಯೂಪೋರ್ಟಿನಲ್ಲಿ 2013ರಲ್ಲಿ ಒಬ್ಬನ ಬೀಗದ ಕೈಯಿದ್ದ ಗಣಕಯಂತ್ರದ ಭಾಗವು ಕಸದೊಡನೆ ಊರಿನ ತಿಪ್ಪೆಗೆ ಸೇರಿತು. ಅದರಲ್ಲಿದ್ದುದು ಸಾವಿರಾರು ಬಿಟ್‌ಕಾಯಿನ್ನುಗಳ ಒಡೆತನ. ತಿಪ್ಪೆಯನ್ನು ಅಗೆಯಲು ಅನುಮತಿಗಾಗಿ ಹತ್ತು ವರ್ಷಗಳಿಗೂ ಹೆಚ್ಚು ಕಾಲ ಹೋರಾಡಿದ ಅವನ ದಾವೆಯನ್ನು 2025ರ ಜನವರಿಯಲ್ಲಿ ನ್ಯಾಯಾಲಯವು ವಜಾಮಾಡಿತು.

ನಮ್ಮ ಧರ್ಮಶಾಸ್ತ್ರಕಾರರು ನಿಕ್ಷೇಪವೆಂದೂ ನಿಧಿಯೆಂದೂ ಎರಡನ್ನು ಬೇರೆ ಬೇರೆಯಾಗಿ ಹೇಳಿರುವರು. ನಂಬಿ ಪರರ ಮನೆಯಲ್ಲಿಟ್ಟುದು ನಿಕ್ಷೇಪ. ತಾನೇ ನೆಲದಲ್ಲಿ ಹೂಳಿಟ್ಟುದು ನಿಧಿ. ನಿಕ್ಷೇಪದ ವ್ಯಾಜ್ಯವನ್ನು ಹದಿನೆಂಟು ವ್ಯವಹಾರಪದಗಳಲ್ಲಿ ಒಂದಾಗಿ ಎಣಿಸಿರುವುದನ್ನು ನೋಡಿದರೆ, ಪರರಲ್ಲಿಟ್ಟ ಧನವು ಅಂದಿನಿಂದಲೂ ಜಗಳಕ್ಕೆ ಕಾರಣವಾಗಿತ್ತೆಂಬುದು ಸ್ಪಷ್ಟ. ಗೂಢನಾಣ್ಯಕ್ಕೂ ಇವೇ ಎರಡು ದಾರಿಗಳು. ಕೊಂಡ ನಾಣ್ಯವನ್ನು ಎಕ್ಸ್‌ಚೇಂಜ್ ಎಂಬ ವಿನಿಮಯಾಲಯದಲ್ಲಿಯೇ ಬಿಟ್ಟರೆ ಅದು ನಿಕ್ಷೇಪ. ಬೀಗದ ಕೈಯನ್ನು ತಾನೇ ಇಟ್ಟುಕೊಂಡರೆ ನಿಧಿ.

ನಿಕ್ಷೇಪದ ಅಪಾಯಕ್ಕೆ ನಿದರ್ಶನಗಳು ಬೇಕಾದಷ್ಟಿವೆ. ಟೋಕಿಯೋದ ಮೌಂಟ್ ಗಾಕ್ಸ್ ಎಂಬ ವಿನಿಮಯಾಲಯವು 2014ರ ಫೆಬ್ರವರಿಯಲ್ಲಿ ದಿವಾಳಿಯೆದ್ದಾಗ ಸುಮಾರು 8 ಲಕ್ಷ 50 ಸಾವಿರ ಬಿಟ್‌ಕಾಯಿನ್ನುಗಳು ಕಾಣೆಯಾಗಿವೆಯೆಂದು ತಿಳಿಸಿತು. ಬಳಿಕ ಸುಮಾರು 2 ಲಕ್ಷ ಸಿಕ್ಕಿದುವು. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಬಿದ್ದಿತು. ಅದರ ಯಜಮಾನನಾದ ಸ್ಯಾಮ್ ಬ್ಯಾಂಕ್‌ಮನ್ ಫ್ರೈಡನಿಗೆ ವಂಚನೆಯ ಅಪರಾಧಕ್ಕಾಗಿ 2024ರಲ್ಲಿ 25 ವರ್ಷಗಳ ಸೆರೆಮನೆಯಾಯಿತು. ನಮ್ಮ ದೇಶದ ವಜೀರ್‌ಎಕ್ಸ್‌ನಿಂದ 2024ರ ಜುಲೈ 18ರಂದು 23 ಕೋಟಿ ಡಾಲರಿನಷ್ಟು ಧನವು ಕಳವಾಗಿ, ಗ್ರಾಹಕರು ತಮ್ಮ ನಾಣ್ಯಗಳನ್ನು ಹಿಂದಕ್ಕೆ ಪಡೆಯಲಾರದೆ ಬಹುಕಾಲ ಕಾಯಬೇಕಾಯಿತು. ಬ್ಯಾಂಕಿನ ಠೇವಣಿಗೆ ವಿಮೆಯ ರಕ್ಷಣೆಯುಂಟು. 2020ರಲ್ಲಿ ಅದರ ಮಿತಿಯನ್ನು 5 ಲಕ್ಷ ರೂಪಾಯಿಗೆ ಏರಿಸಿದರು. ವಿನಿಮಯಾಲಯದ ನಾಣ್ಯಕ್ಕೆ ಆ ಬಗೆಯ ರಕ್ಷಣೆಯಿಲ್ಲ.

ಹಾಗೆಂದು ನಿಧಿಯು ನಿರಪಾಯವೆನ್ನಲಾಗದು. ನಿಧಿಯ ಮಾರ್ಗವನ್ನು ಹಿಡಿಯುವವರು ಈ ನಿಯಮಗಳನ್ನು ಪಾಲಿಸತಕ್ಕದ್ದು. ಪದಗಳನ್ನು ಲೇಖನಿಯಿಂದ ಕಾಗದದ ಮೇಲೆ ಅನುಕ್ರಮ ಸಂಖ್ಯೆಯೊಡನೆ ಸ್ಫುಟವಾಗಿ ಬರೆಯಬೇಕು. ಅವುಗಳ ಛಾಯಾಚಿತ್ರವನ್ನು ತೆಗೆಯಕೂಡದು. ವಾಟ್ಸಾಪಿನಲ್ಲಾಗಲಿ ಈಮೇಲಿನಲ್ಲಾಗಲಿ ಕಳುಹಿಸಕೂಡದು. ಬೆಂಕಿ ನೀರುಗಳ ಭಯಕ್ಕಾಗಿ ಎರಡು ಪ್ರತಿಗಳನ್ನು ಎರಡು ಸ್ಥಳಗಳಲ್ಲಿಡಬೇಕು. ಮೊದಲು ಅಲ್ಪ ಮೊತ್ತವನ್ನು ಕಳುಹಿಸಿ, ಪದಗಳಿಂದ ಅದನ್ನು ಮರಳಿ ಪಡೆಯಲಾಗುವುದೇ ಎಂದು ಪರೀಕ್ಷಿಸಿದ ಮೇಲೆಯೇ ಉಳಿದುದನ್ನು ಕಳುಹಿಸಬೇಕು. ಎಲ್ಲಕ್ಕಿಂತ ಮುಖ್ಯವಾದುದು ಇದು: ಯಾವ ಹೆಸರಿನಿಂದಲೇ ಆಗಲಿ, ಎಷ್ಟು ವಿನಯದಿಂದಲೇ ಆಗಲಿ, ನಿಮ್ಮ ಪದಗಳನ್ನು ಕೇಳುವವನು ಕಳ್ಳನೆಂದೇ ತಿಳಿಯತಕ್ಕದ್ದು.

ಕ್ರಯವಿಕ್ರಯ

2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಕೂಡದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು. ಆದುದರಿಂದ ಕೊಳ್ಳುವುದು ಅಪರಾಧವಲ್ಲ. ಆದರೂ ಇದು ನಮ್ಮ ರೂಪಾಯಿಯಂತೆ ಕಾನೂನುಬದ್ಧ ಹಣವಲ್ಲ. 2023ರ ಮಾರ್ಚಿನಿಂದ ಈ ವಿನಿಮಯಾಲಯಗಳನ್ನು ಅಕ್ರಮ ಹಣದ ತಡೆಯ ಕಾನೂನಿನ ವ್ಯಾಪ್ತಿಗೆ ತಂದಿದ್ದಾರೆ. ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾಗದ ಸಂಸ್ಥೆಯೊಡನೆ ವ್ಯವಹರಿಸುವುದು ಸರಿಯಲ್ಲ.

ತೆರಿಗೆಯ ಲೆಕ್ಕವನ್ನು ಮೊದಲೇ ತಿಳಿದಿರಬೇಕು. 2022ರ ಏಪ್ರಿಲ್ 1ರಿಂದ ಬಂದ ಕಾನೂನಿನ ಪ್ರಕಾರ ಲಾಭಕ್ಕೆ ಶೇಕಡಾ 30ರ ತೆರಿಗೆಯೂ ಅದರ ಮೇಲೆ ಶೇಕಡಾ 4ರ ಸೆಸ್ಸೂ ಉಂಟು; ಒಂದರ ನಷ್ಟವನ್ನು ಇನ್ನೊಂದರ ಲಾಭದಿಂದ ಕಳೆಯುವಂತಿಲ್ಲ. ಒಬ್ಬ ಗೃಹಸ್ಥನು ಒಂದೇ ವರ್ಷದಲ್ಲಿ ಒಂದು ನಾಣ್ಯದಿಂದ 1 ಲಕ್ಷ ರೂಪಾಯಿ ಗಳಿಸಿ ಮತ್ತೊಂದರಲ್ಲಿ 1 ಲಕ್ಷ ಕಳೆದುಕೊಂಡನೆಂದು ಭಾವಿಸೋಣ. ಅವನ ಕೈಗೆ ಬಂದುದು ಸೊನ್ನೆ. ಕಟ್ಟಬೇಕಾದ ತೆರಿಗೆ 31,200 ರೂಪಾಯಿ! ಇದಲ್ಲದೆ 2022ರ ಜುಲೈ 1ರಿಂದ, ನಿಗದಿಯಾದ ಮಿತಿಯನ್ನು ಮೀರಿದ ವ್ಯವಹಾರಗಳಲ್ಲಿ, ಮಾರಿದ ಮೊತ್ತದಿಂದಲೇ ಶೇಕಡಾ 1ನ್ನು ಮುಂಗಡವಾಗಿ ಹಿಡಿಯುವರು. ಅದು ಕೊನೆಗೆ ತೆರಿಗೆಯಲ್ಲಿ ವಜಾ ಆಗುವುದು ನಿಜ. ಆದರೆ 1 ಲಕ್ಷವನ್ನು ಹತ್ತು ಸಲ ಕೊಂಡು ಮಾರಿದವನಿಗೆ, ಬೆಲೆಯು ಕದಲದಿದ್ದರೂ, ಆಡಿಸಲು ಉಳಿಯುವುದು ಸುಮಾರು 90,400 ಮಾತ್ರ. ದಿನದಿನವೂ ಕೊಂಡು ಮಾರುವ ಆಟಕ್ಕೆ ಈ ಕಾನೂನು ಎಷ್ಟು ಪ್ರತಿಕೂಲವೆಂಬುದನ್ನು ಇದರಿಂದಲೇ ಊಹಿಸಬಹುದು.

ಇನ್ನು, ಅಪರಿಚಿತರು ಟೆಲಿಗ್ರಾಂ ಗುಂಪಿಗೆ ಸೇರಿಸಿ, ಪರದೆಯ ಮೇಲೆ ಲಾಭವನ್ನು ಬೆಳೆಸಿ ತೋರಿಸಿ, ಹಣವನ್ನು ಹಿಂದಕ್ಕೆ ಕೇಳಿದಾಗ "ಮೊದಲು ತೆರಿಗೆ ಕಟ್ಟಿರಿ" ಎನ್ನುವುದುಂಟು. ಅದು ವ್ಯಾಪಾರವೇ ಅಲ್ಲ, ಸುಲಿಗೆ.

ಕಾಲಜ್ಞಾನ

ಅಗ್ಗವಾದಾಗ ಕೊಂಡು ತುಟ್ಟಿಯಾದಾಗ ಮಾರಬೇಕೆಂಬುದನ್ನು ಸಂತೆಯ ಹುಡುಗನೂ ಬಲ್ಲನು. ಯಾವುದು ಅಗ್ಗ, ಯಾವುದು ತುಟ್ಟಿ ಎಂಬುದೇ ತೊಡಕು. ಒಂದು ಬಿಟ್‌ಕಾಯಿನ್ನಿನ ಬೆಲೆಯು 2017ರ ಡಿಸೆಂಬರಿನಲ್ಲಿ 20 ಸಾವಿರ ಡಾಲರಿನ ಹತ್ತಿರಕ್ಕೆ ಏರಿ, ಒಂದೇ ವರ್ಷದಲ್ಲಿ 4 ಸಾವಿರಕ್ಕಿಂತ ಕೆಳಗಿಳಿಯಿತು. 2021ರ ನವೆಂಬರಿನಲ್ಲಿ ಸುಮಾರು 69 ಸಾವಿರಕ್ಕೆ ಏರಿ, ಮರುವರ್ಷ ಅದೇ ತಿಂಗಳು 16 ಸಾವಿರಕ್ಕಿಂತ ಕೆಳಗಿಳಿಯಿತು. 2024ರ ಡಿಸೆಂಬರಿನಲ್ಲಿ 1 ಲಕ್ಷವನ್ನು ದಾಟಿತು. ಜನರು ಕೊನೆಯ ಸಂಖ್ಯೆಯನ್ನು ಮಾತ್ರ ಕೇಳಿಸಿಕೊಳ್ಳುವರು. 2021ರ ಶಿಖರದಲ್ಲಿ ಕೊಂಡವನು ತನ್ನ ಅಸಲನ್ನು ಮತ್ತೆ ಕಾಣಲು 2024ರ ಮಾರ್ಚಿನವರೆಗೆ ಕಾಯಬೇಕಾಯಿತು. ನಡುವೆ ಮಗಳ ಮದುವೆಯೋ ಆಸ್ಪತ್ರೆಯ ಖರ್ಚೋ ಬಂದಿದ್ದರೆ ನಷ್ಟಕ್ಕೇ ಮಾರಬೇಕಾಗುತ್ತಿದ್ದಿತು. 100 ರೂಪಾಯಿ 25ಕ್ಕೆ ಇಳಿಯಲು ಶೇಕಡಾ 75ರ ಕುಸಿತ ಸಾಕು. 25ರಿಂದ ಮರಳಿ 100 ಆಗಲು ಶೇಕಡಾ 300ರ ಏರಿಕೆ ಬೇಕು.

ಕೂಲಿಯು ಅರ್ಧಕ್ಕಿಳಿದ ಮಾರನೆಯ ವರ್ಷ ಬೆಲೆಯು ಶಿಖರಕ್ಕೇರುವುದೆಂದು ಕೆಲವರು ಪಂಚಾಂಗವನ್ನೇ ಹಾಕುವರು. 2013, 2017, 2021ನೆಯ ಇಸವಿಗಳಲ್ಲಿ ಹಾಗಾದುದು ದಿಟ. ಆದರೆ 2024ರಲ್ಲಿ ಕೂಲಿಯು ಇಳಿದುದು ಏಪ್ರಿಲಿನಲ್ಲಿ. ಹಳೆಯ ಶಿಖರವನ್ನು ಬೆಲೆಯು ಮಾರ್ಚಿನಲ್ಲಿಯೇ ದಾಟಿತ್ತು. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬ ವ್ಯಾಪ್ತಿಯನ್ನು ಒಪ್ಪಲು ನೈಯಾಯಿಕರು ಹಲವು ಸಲದ ಅನುಭವವನ್ನೂ, ಎಲ್ಲಿಯೂ ತಪ್ಪದಿರುವಿಕೆಯನ್ನೂ ಬೇಡುವರು. ಮೂರು ನಾಲ್ಕು ಸಲದ ಕಾಕತಾಳೀಯವನ್ನು ನಂಬಿ ಮನೆಯ ಹಣವನ್ನು ಹೂಡುವುದು ತರ್ಕಕ್ಕೆ ನಿಲ್ಲುವುದಿಲ್ಲ. ರೈತನು ಆರಿದ್ರೆಯ ಮಳೆಯನ್ನು ಕಾಯುವನಾದರೆ ಅವನ ಹಿಂದೆ ತಲೆಮಾರುಗಳ ಅನುಭವವಿದೆ; ಆದರೂ ಮಳೆಯು ತಪ್ಪುವುದುಂಟು.

ಕಾಲವನ್ನು ಅರಿಯಲಾಗದಿದ್ದರೆ ಅದನ್ನು ಹಂಚಿಕೊಳ್ಳಬಹುದು. ತಿಂಗಳಿಗೆ 1,000 ರೂಪಾಯಿಯಂತೆ ನಾಲ್ಕು ತಿಂಗಳು ಕೊಂಡಾಗ ಬೆಲೆಯು ಕ್ರಮವಾಗಿ 100, 50, 25, 50 ಇದ್ದಿತೆಂದಿಟ್ಟುಕೊಳ್ಳಿ. 10, 20, 40, 20ರಂತೆ ಒಟ್ಟು 90 ದೊರೆಯುವುವು; ಕೊನೆಯ ಬೆಲೆಯಲ್ಲಿ ಅವು 4,500 ರೂಪಾಯಿ. ಮೊದಲ ದಿನವೇ 4,000ವನ್ನೂ ಹಾಕಿದವನ ಬಳಿ ಉಳಿಯುವುದು 2,000 ಮಾತ್ರ. ಬೆಲೆಯು ಏರುತ್ತಲೇ ಹೋದರೆ ಈ ಕ್ರಮದಲ್ಲಿ ಲಾಭವು ಕಡಿಮೆ. ನಾಣ್ಯವೇ ಸತ್ತರೆ ಕಂತುಗಳೂ ಸಾಯುವುವು. ಇದು ಆಸೆಗೂ ಅಂಜಿಕೆಗೂ ಕಡಿವಾಣವೇ ಹೊರತು ಅದೃಷ್ಟಕ್ಕೆ ಬದಲಲ್ಲ. ಎಷ್ಟು ಹಾಕಬೇಕೆಂದು ಕೇಳಿದರೆ, ನಾಳೆ ಅದು ಸೊನ್ನೆಯಾದರೂ ಮಕ್ಕಳ ಶಾಲೆಯ ಶುಲ್ಕವೂ ಹಿರಿಯರ ಔಷಧವೂ ನಿಲ್ಲದಷ್ಟು ಮಾತ್ರ ಎನ್ನುವೆವು. ಸಾಲದ ಹಣ, ಗಿರವಿಯ ಹಣ, ಪಿಂಚಣಿಯ ಗಂಟು ಇದಕ್ಕೆ ಸಲ್ಲವು.

ಮನೆಯವರಿಗೆ ತಿಳಿದಿರಬೇಕಾದುದು

ಕೆನಡಾ ದೇಶದ ಕ್ವಾಡ್ರಿಗಾ ಎಂಬ ವಿನಿಮಯಾಲಯದ ಯಜಮಾನನು 2018ರ ಡಿಸೆಂಬರಿನಲ್ಲಿ ನಮ್ಮ ಜಯಪುರದಲ್ಲಿ ತೀರಿಕೊಂಡನು. ಬೀಗದ ಕೈಗಳೆಲ್ಲ ಅವನೊಬ್ಬನಿಗೇ ಗೊತ್ತಿದ್ದುವೆಂದು ಸುದ್ದಿಯಾಯಿತು. ನಷ್ಟದ ಬಹುಭಾಗವು ಅವನು ಮಾಡಿದ ವಂಚನೆಯಿಂದಲೇ ಆದುದೆಂದು ಒಂಟಾರಿಯೋದ ಷೇರು ನಿಯಂತ್ರಣ ಆಯೋಗವು 2020ರಲ್ಲಿ ವರದಿಮಾಡಿತು. ಅವನ ಕಥೆ ವಂಚಕನದು. ಆದರೆ ಪ್ರಾಮಾಣಿಕನಾದ ಗೃಹಸ್ಥನು ಕೂಡ, ಬೀಗದ ಕೈಯನ್ನು ತನ್ನೊಬ್ಬನಲ್ಲಿಯೇ ಇಟ್ಟುಕೊಂಡರೆ, ಹೆಂಡತಿ ಮಕ್ಕಳನ್ನು ಅದೇ ಕತ್ತಲೆಯಲ್ಲಿ ನಿಲ್ಲಿಸಿ ಹೋಗುವನು. ಬ್ಯಾಂಕಿನ ಠೇವಣಿಯಾದರೆ ಮರಣಪತ್ರವನ್ನು ತೋರಿಸಿ ನಾಮಿನಿಯು ಪಡೆಯಬಹುದು. ಪದಗಳು ಸಿಗದ ನಿಧಿಯು ಲೆಕ್ಕದಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತಲೇ ಇದ್ದು ಯಾರ ಕೈಗೂ ಎಟುಕುವುದಿಲ್ಲ.

ಆದುದರಿಂದ ಈ ಧನವನ್ನು ಹೊಂದಿರುವವರು ಒಂದು ಕೆಲಸವನ್ನು ತಪ್ಪದೆ ಮಾಡಬೇಕು. ಯಾವ ನಾಣ್ಯವು ಎಷ್ಟಿದೆ, ಯಾವ ಸಂಸ್ಥೆಯಲ್ಲಿದೆ ಅಥವಾ ಯಾವ ವ್ಯಾಲೆಟ್ಟಿನಲ್ಲಿದೆ, ಪದಗಳ ಕಾಗದವು ಎಲ್ಲಿದೆ ಎಂಬುದನ್ನು ಕನ್ನಡದಲ್ಲಿ ಬರೆದು, ವಿಮೆಯ ಪತ್ರಗಳೂ ಜಮೀನಿನ ಪತ್ರಗಳೂ ಇರುವ ಪೆಟ್ಟಿಗೆಯಲ್ಲಿಡಬೇಕು. ಪದಗಳನ್ನು ಮಾತ್ರ ಅದರಲ್ಲಿ ಬರೆಯದೆ, ಮುದ್ರೆ ಹಾಕಿದ ಲಕೋಟೆಯಲ್ಲಿ ಬೇರೆಡೆ ಇರಿಸಬೇಕು. ಉಯಿಲಿನಲ್ಲಿಯೂ ಅವುಗಳನ್ನು ಬರೆಯಕೂಡದು, ಉಯಿಲನ್ನು ಹಲವರು ಓದುವರು. ಇದೆಲ್ಲವನ್ನೂ ಮನೆಯಾಕೆಗೆ ಒಂದು ಸಂಜೆ ಕುಳಿತು ವಿವರಿಸಿ, ಆಕೆಯ ಕೈಯಿಂದಲೇ ಅಲ್ಪ ಮೊತ್ತವನ್ನು ಒಮ್ಮೆ ತೆಗೆಯಿಸಿ ನೋಡಬೇಕು. ಆಕೆಗೆ ಅದು ಸಾಧ್ಯವಾದ ದಿನ ಆ ಧನವು ಮನೆಯದಾಯಿತೆಂದು ತಿಳಿಯಬಹುದು. ಅಲ್ಲಿಯವರೆಗೆ ಹೊಸದಾಗಿ ಏನನ್ನೂ ಕೊಳ್ಳದಿರುವುದೇ ಲೇಸು.