ಹೃದ್ರೋಗವೂ ರಕ್ತದ ಸಾಕ್ಷ್ಯವೂ

ರೋಗವು ಸಾಧ್ಯವೋ, ಕಷ್ಟಸಾಧ್ಯವೋ, ಅಸಾಧ್ಯವೋ ಎಂಬುದನ್ನು ಚಿಕಿತ್ಸೆಗೆ ತೊಡಗುವ ಮೊದಲೇ ವಿವೇಚಿಸಬೇಕೆಂದು ನಮ್ಮ ಆಯುರ್ವೇದವು ವಿಧಿಸಿತು. ಅದೇ ಪ್ರಶ್ನೆಯನ್ನು ಇಂದಿನ ವೈದ್ಯಶಾಸ್ತ್ರವು ರೋಗಿಯ ರಕ್ತವನ್ನು ಮುಂದಿಟ್ಟುಕೊಂಡು ಕೇಳುತ್ತಿದೆ. ರೋಗದ ಗತಿಯನ್ನು ತಿಳಿಸುವ ಇಂತಹ ರಕ್ತಗತ ದ್ರವ್ಯಗಳಿಗೆ ಜೈವಿಕ ಸೂಚಕಗಳೆಂದು ಹೆಸರು. ಹೃದ್ರೋಗದಲ್ಲಿ ಮುಖ್ಯವಾದ ಎರಡು ಸೂಚಕಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ಇಲ್ಲಿ ವಿಚಾರಿಸೋಣ.

ಹೃದಯದ ಸ್ನಾಯುವಿಗೆ ರಕ್ತವನ್ನೊಯ್ಯುವ ಧಮನಿಯು ಮುಚ್ಚಿಕೊಂಡು ಆ ಸ್ನಾಯುವಿನ ಒಂದು ಭಾಗ ಸಾಯುವುದೇ ಹೃದಯಾಘಾತ. ಕಣಜ ಒಡೆದಾಗ ಕಾಳು ಅಂಗಳಕ್ಕೆ ಚೆಲ್ಲುವಂತೆ, ಸಾಯುವ ಜೀವಕೋಶಗಳ ಒಳದ್ರವ್ಯವು ರಕ್ತಕ್ಕೆ ಸೋರುತ್ತದೆ. ೧೯೫೪ರಲ್ಲಿ ನ್ಯೂಯಾರ್ಕಿನ ಲಾಡ್ಯೂ, ವ್ರೊಬ್ಲೆವ್ಸ್ಕಿ, ಕಾರ್ಮೆನ್ ಎಂಬ ವೈದ್ಯರು ಹೃದಯಾಘಾತದ ತರುವಾಯ ಎಸ್.ಜಿ.ಒ.ಟಿ. ಎಂಬ ಕಿಣ್ವವು ರಕ್ತದಲ್ಲಿ ಏರುವುದನ್ನು ತೋರಿಸಿಕೊಟ್ಟರು. ಆದರೆ ಆ ಕಿಣ್ವವು ಯಕೃತ್ತಿನಲ್ಲಿಯೂ ಉಂಟು. ಸೋರಿದ್ದು ಯಾವ ಕಣಜವೆಂದು ಅದರಿಂದ ನಿಶ್ಚಯಿಸುವಂತಿರಲಿಲ್ಲ. ೧೯೬೦ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಷಿಯವರು ಸ್ನಾಯುವಿನ ಸಂಕೋಚನವನ್ನು ನಿಯಂತ್ರಿಸುವ ಟ್ರೋಪೋನಿನ್ ಎಂಬ ಪ್ರೋಟೀನನ್ನು ಕಂಡುಹಿಡಿದರು. ಹೃದಯದ ಟ್ರೋಪೋನಿನ್ನಿನ ಎರಡು ಅಂಗಗಳು ಮೈಯ ಇತರ ಸ್ನಾಯುಗಳಲ್ಲಿರುವುದಕ್ಕಿಂತ ರಚನೆಯಲ್ಲಿ ಭಿನ್ನವಾದವು. ಈ ಭೇದವನ್ನೇ ಆಧರಿಸಿ ೧೯೮೦ರ ದಶಕದ ಕೊನೆಯಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ಪರೀಕ್ಷೆಗಳು ಸಿದ್ಧವಾದವು.

ರೋಗವನ್ನು ಗುರುತಿಸುವುದು ಒಂದು, ಮುಂದೇನಾಗುವುದೆಂದು ಊಹಿಸುವುದು ಇನ್ನೊಂದು. ಈ ಎರಡನೆಯ ವಿಷಯದಲ್ಲಿ ೧೯೯೬ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಗಮನಾರ್ಹವಾದುದು. ಹೃದಯಕ್ಕೆ ರಕ್ತ ಸಾಲದೆ ಆಸ್ಪತ್ರೆಗೆ ಸೇರಿದ ೧,೪೦೪ ರೋಗಿಗಳ ಟ್ರೋಪೋನಿನ್ನನ್ನು ಮೊದಲೇ ಅಳೆದು, ೪೨ ದಿನಗಳಲ್ಲಿ ಅವರ ಗತಿ ಏನಾಯಿತೆಂದು ನೋಡಲಾಯಿತು. ಗೊತ್ತುಪಡಿಸಿದ ಮಟ್ಟಕ್ಕಿಂತ ಕಡಮೆ ಇದ್ದ ೮೩೧ ಮಂದಿಯಲ್ಲಿ ೮ ಮಂದಿ ತೀರಿಕೊಂಡರು. ಆ ಮಟ್ಟವನ್ನು ಮುಟ್ಟಿದ ಅಥವಾ ಮೀರಿದ ೫೭೩ ಮಂದಿಯಲ್ಲಿ ೨೧ ಮಂದಿ. ಮೊದಲನೆಯದು ನೂರಕ್ಕೆ ೧. ಎರಡನೆಯದು ನೂರಕ್ಕೆ ೩.೭.

ಅಪಾಯವು ಮೂರೂವರೆ ಪಟ್ಟಿಗೂ ಮಿಗಿಲೆಂಬುದು ಸತ್ಯ. ಆದರೆ ಅದೇ ಅಂಕಿಗಳನ್ನು ಇನ್ನೊಂದು ಬಗೆಯಿಂದ ಓದಿದರೆ, ಹೆಚ್ಚಿನ ಅಪಾಯದವರೆನಿಸಿದ ೫೭೩ ಮಂದಿಯಲ್ಲಿ ೫೫೨ ಮಂದಿ ಬದುಕಿದ್ದರು. ಸಂಭವಿಸಿದ ೨೯ ಸಾವುಗಳಲ್ಲಿ ೮ ಸಾವುಗಳು ಕಡಮೆ ಅಪಾಯದವರೆನಿಸಿದವರವು. ಸಾಲದ ಲೆಕ್ಕಗಳನ್ನು ನೋಡುವ ವೃತ್ತಿಯವನಾದ ನನಗೆ ಇದರಲ್ಲಿ ಆಶ್ಚರ್ಯವಿಲ್ಲ. ಒಂದು ವರ್ಗದ ಸಾವಿರ ಸಾಲಗಳಲ್ಲಿ ಸುಮಾರು ಎಷ್ಟು ಮುಳುಗುತ್ತವೆಂದು ಅನುಭವದಿಂದ ಹೇಳಬಹುದು. ಮುಳುಗುವ ಸಾಲ ಇದೇ ಎಂದು ಬೊಟ್ಟು ಮಾಡಿ ತೋರಿಸಲಾಗದು. ರಕ್ತಸೂಚಕವು ಹೇಳುವುದೂ ಸಮುದಾಯದ ಮಾತನ್ನೇ ಹೊರತು ವ್ಯಕ್ತಿಯ ಹಣೆಬರಹವನ್ನಲ್ಲ.

ಎರಡನೆಯ ಸೂಚಕವು ಸೋರಿಕೆಯದಲ್ಲ, ಶ್ರಮದ್ದು. ೧೯೮೧ರಲ್ಲಿ ಕೆನಡದ ಅಡಾಲ್ಫೊ ಡಿ ಬೋಲ್ಡರು, ಹೃತ್ಕರ್ಣದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ ಮೂತ್ರದ ಮೂಲಕ ಉಪ್ಪೂ ನೀರೂ ಹೇರಳವಾಗಿ ಹೊರಹೋಗುವುದನ್ನು ಕಂಡರು. ರಕ್ತವನ್ನು ಒತ್ತುವ ಯಂತ್ರವೆಂದೇ ತಿಳಿದಿದ್ದ ಹೃದಯವು ಹಾರ್ಮೋನನ್ನೂ ಸ್ರವಿಸುವ ಗ್ರಂಥಿಯೆಂಬುದು ಹೀಗೆ ಸ್ಥಾಪಿತವಾಯಿತು. ಇದೇ ವಂಶದ ಬಿ.ಎನ್.ಪಿ. ಎಂಬುದನ್ನು ೧೯೮೮ರಲ್ಲಿ ಜಪಾನೀ ವಿಜ್ಞಾನಿಗಳು ಹಂದಿಯ ಮೆದುಳಿನಲ್ಲಿ ಕಂಡರು; ಅದರ ಮುಖ್ಯ ಉತ್ಪತ್ತಿಸ್ಥಾನ ಹೃತ್ಕುಕ್ಷಿಯೆಂದು ಆಮೇಲೆ ತಿಳಿದುಬಂದಿತು. ಹೃದಯವು ಭಾರ ತಾಳಲಾರದೆ ಹಿಗ್ಗಿದಷ್ಟೂ ಈ ದ್ರವ್ಯವು ರಕ್ತದಲ್ಲಿ ಹೆಚ್ಚುತ್ತದೆ. ಹೃದಯವೈಫಲ್ಯದಿಂದ ಆಸ್ಪತ್ರೆ ಸೇರಿದವರಲ್ಲಿ ಬಿಡುಗಡೆಯ ವೇಳೆಗೆ ಇದು ಇಳಿದವರ ಗತಿಯು ಇಳಿಯದವರ ಗತಿಗಿಂತ ಸಾಮಾನ್ಯವಾಗಿ ಮೇಲು. ಆದುದರಿಂದ ಒಂದು ದಿನದ ಅಂಕಿಗಿಂತ ಏರಿಳಿತದ ದಿಕ್ಕಿಗೆ ಹೆಚ್ಚು ಬೆಲೆಯುಂಟು.

ಈ ಸಾಕ್ಷಿಗಳನ್ನು ಪಾಟೀಸವಾಲಿಗೆ ಒಳಪಡಿಸದೆ ನಂಬುವಂತಿಲ್ಲ. ಮೂತ್ರಪಿಂಡಗಳು ಕ್ಷೀಣಿಸಿದಾಗ ಎರಡೂ ಏರಬಹುದು. ಬಿ.ಎನ್.ಪಿ. ವಯಸ್ಸಿನೊಡನೆ ಏರುತ್ತದೆ; ಸ್ಥೂಲಕಾಯರಲ್ಲಿ ರೋಗವಿದ್ದರೂ ಕಡಮೆಯಾಗಿ ತೋರಬಹುದು.

ಭವಿಷ್ಯವನ್ನು ಸೂಚಿಸುವ ಅಂಕಿಯನ್ನೇ ಇಳಿಸಲು ಹೊರಟರೆ ಭವಿಷ್ಯವು ಸುಧಾರಿಸುವುದೆ? ೨೦೧೭ರಲ್ಲಿ ಫಲಿತಾಂಶ ಪ್ರಕಟವಾದ 'ಗೈಡ್-ಇಟ್' ಪ್ರಯೋಗವು ಇದನ್ನೇ ಪರೀಕ್ಷಿಸಿತು. ಹೃದಯವೈಫಲ್ಯದ ೮೯೪ ರೋಗಿಗಳಲ್ಲಿ ಒಂದು ಗುಂಪಿಗೆ ಬಿ.ಎನ್.ಪಿ.ಯ ಸಹಜಾತ ಸೂಚಕವೊಂದನ್ನು ಗೊತ್ತಾದ ಮಟ್ಟಕ್ಕೆ ಇಳಿಸುವ ಗುರಿಯಿಂದಲೂ, ಇನ್ನೊಂದಕ್ಕೆ ಎಂದಿನ ಉತ್ತಮ ಕ್ರಮದಿಂದಲೂ ಚಿಕಿತ್ಸೆ ನಡೆಯಿತು. ಹೃದ್ರೋಗದಿಂದ ಸಾವು ಅಥವಾ ಹೃದಯವೈಫಲ್ಯದಿಂದ ಮತ್ತೆ ಆಸ್ಪತ್ರೆವಾಸವೆಂಬ ಅನಿಷ್ಟವು ಎರಡರಲ್ಲಿಯೂ ನೂರಕ್ಕೆ ೩೭ರಷ್ಟೇ ಆಯಿತು. ಮುಂದುವರಿಸಿ ಫಲವಿಲ್ಲವೆಂದು ಪ್ರಯೋಗವನ್ನು ಅವಧಿಗೆ ಮೊದಲೇ ನಿಲ್ಲಿಸಲಾಯಿತು. ಮಳೆಮಾಪಕವನ್ನು ತಿದ್ದಿದರೆ ಮಳೆ ಬಾರದು.

ಹಾಗೆಂದು ಈ ಪರೀಕ್ಷೆಗಳು ನಿರರ್ಥಕವೆಂದಲ್ಲ. ಯಾರನ್ನು ತೀವ್ರನಿಗಾದಲ್ಲಿಡಬೇಕು, ಯಾರನ್ನು ಬೇಗ ಮತ್ತೆ ಕಾಣಬೇಕು ಎಂಬುದನ್ನು ನಿರ್ಧರಿಸುವಲ್ಲಿ ಅವುಗಳ ಉಪಕಾರ ದೊಡ್ಡದು. ತಂದೆತಾಯಿಗಳು ಊರಿನಲ್ಲಿದ್ದು ನಾವು ಪರನಗರಗಳಲ್ಲಿರುವುದರಿಂದ, ಅವರ ರಕ್ತದ ವರದಿ ವೈದ್ಯರ ಮಾತಿಗಿಂತ ಮೊದಲೇ ದೂರವಾಣಿಯಲ್ಲಿ ನಮ್ಮ ಕೈಸೇರುವುದುಂಟು. ಆಗ ದಪ್ಪಕ್ಷರದ ಆ ಒಂದು ಅಂಕಿಯನ್ನು ತೀರ್ಪೆಂದು ಭಾವಿಸಿ ಎದೆಗೆಡುವುದಾಗಲಿ, ಅದು ಕಡಮೆಯಿದೆಯೆಂದು ಎದೆನೋವನ್ನು ಅಲಕ್ಷಿಸುವುದಾಗಲಿ ಸಲ್ಲದು. ಹಿಂದಿನ ಅಂಕಿ ಎಷ್ಟಿತ್ತು, ಮೂತ್ರಪಿಂಡಗಳ ಸ್ಥಿತಿ ಹೇಗಿದೆ, ಇದರಿಂದ ಚಿಕಿತ್ಸೆಯಲ್ಲಿ ಬದಲಾಗುವುದೇನು ಎಂಬ ಮೂರು ಪ್ರಶ್ನೆಗಳನ್ನು ವೈದ್ಯರಲ್ಲಿ ಕೇಳಬೇಕು. ರಕ್ತವು ಸಾಕ್ಷ್ಯವನ್ನು ನುಡಿಯುತ್ತದೆ. ತೀರ್ಪು ಕೊಡಬೇಕಾದವರು ರೋಗಿಯನ್ನು ಕಣ್ಣಾರೆ ಕಂಡವರು.