ವಾರ್ಧಕ್ಯವೂ ಸ್ವಾತಂತ್ರ್ಯವೂ

ವೃದ್ಧರಿಗೆ ಹೊತ್ತಿಗೆ ಸರಿಯಾಗಿ ಅನ್ನ, ಶುಭ್ರವಾದ ಹಾಸಿಗೆ, ಕಾಯಿಲೆಗೆ ಔಷಧ ಇವಿಷ್ಟನ್ನು ಒದಗಿಸಿ, "ನೀವು ಸುಮ್ಮನೆ ಕುಳಿತಿರಿ, ಎಲ್ಲವನ್ನೂ ನಾವು ನೋಡಿಕೊಳ್ಳುತ್ತೇವೆ" ಎಂದುಬಿಟ್ಟರೆ ನಮ್ಮ ಧರ್ಮವು ಪೂರ್ಣವಾಯಿತೆಂದು ನಾವೆಲ್ಲರೂ ಭಾವಿಸುವೆವು. ಈ ಮಾತಿನಲ್ಲಿ ಪ್ರೀತಿಯಿರುವುದು ನಿಜ. ಆದರೆ ಅದರಲ್ಲಿಯೇ ಹಾನಿಯೂ ಅಡಗಿರಬಹುದೆಂದು ಅಮೆರಿಕಾ ದೇಶದ ಇಬ್ಬರು ವಿದುಷಿಯರು ಪ್ರಯೋಗದಿಂದ ತೋರಿಸಿರುವರು.

ಎಲೆನ್ ಲ್ಯಾಂಗರ್ ಮತ್ತು ಜುಡಿತ್ ರೋಡಿನ್ ಎಂಬ ಈ ಮನಶ್ಶಾಸ್ತ್ರಜ್ಞೆಯರು ಕನೆಕ್ಟಿಕಟ್ ಸಂಸ್ಥಾನದ ಒಂದು ವೃದ್ಧಾಶ್ರಮದಲ್ಲಿ ನಡೆಸಿದ ಪರೀಕ್ಷೆಯ ವಿವರವು ೧೯೭೬ರಲ್ಲಿ ಪ್ರಕಟವಾಯಿತು. ಒಂದು ಅಂತಸ್ತಿನ ೪೭ ಮಂದಿಗೆ ಆಶ್ರಮದ ಅಧಿಕಾರಿಗಳು, ಕೊಠಡಿಯ ಸಾಮಾನುಗಳನ್ನು ಹೇಗಿಡಬೇಕು, ಹೊತ್ತನ್ನು ಹೇಗೆ ಕಳೆಯಬೇಕು ಎಂಬುದೆಲ್ಲವೂ ಅವರವರ ಇಚ್ಛೆಗೆ ಸೇರಿದುದೆಂದು ತಿಳಿಸಿದರು. ಗಿಡದ ಕುಂಡಗಳನ್ನು ಮುಂದಿಟ್ಟು, ಬೇಕಾದವರು ಮೆಚ್ಚಿದುದನ್ನು ಆರಿಸಿಕೊಂಡು ತಾವೇ ಸಾಕಬಹುದೆಂದರು. ಚಲಚ್ಚಿತ್ರವನ್ನು ಗುರುವಾರ ನೋಡಬೇಕೋ ಶುಕ್ರವಾರವೋ ಎಂಬುದನ್ನೂ ಅವರಿಗೇ ಬಿಟ್ಟರು. ಇನ್ನೊಂದು ಅಂತಸ್ತಿನ ೪೪ ಮಂದಿಗಾದರೋ, ಅಷ್ಟೇ ಆದರದಿಂದ, "ನಿಮ್ಮನ್ನು ಸುಖವಾಗಿಡುವ ಹೊಣೆಯು ನಮ್ಮದು" ಎಂಬರ್ಥದ ಮಾತನ್ನು ಹೇಳಿದರು. ಅವರಿಗೂ ಕುಂಡಗಳು ದೊರೆತವು. ಆದರೆ ಕೈಗೆ ಕೊಟ್ಟವರೂ ನೀರೆರೆದವರೂ ದಾದಿಯರು. ಚಲಚ್ಚಿತ್ರವೂ ಉಂಟು, ದಿನವನ್ನು ಮಾತ್ರ ಬೇರೆಯವರು ಗೊತ್ತುಮಾಡಿದರು.

ಮೂರು ವಾರಗಳ ತರುವಾಯ ಪರಿಶೀಲಿಸಲಾಗಿ, ಮೊದಲ ತಂಡದಲ್ಲಿ ನೂರಕ್ಕೆ ೯೩ ಮಂದಿ ಚೇತರಿಸಿಕೊಂಡಿದ್ದರು. ಎರಡನೆಯದರಲ್ಲಿ ನೂರಕ್ಕೆ ೭೧ ಮಂದಿ ಮೊದಲಿಗಿಂತ ಕುಗ್ಗಿದ್ದರು. ಒಂದೂವರೆ ವರ್ಷದ ಮೇಲೆ ನೋಡಿದಾಗ ಮೊದಲ ತಂಡದಲ್ಲಿ ೭ ಮಂದಿಯೂ ಎರಡನೆಯದರಲ್ಲಿ ೧೩ ಮಂದಿಯೂ ತೀರಿಕೊಂಡಿದ್ದರು. ಈ ಕಡೆಯ ಅಂಕಿಯನ್ನು ಹಿಡಿದು, ಗಿಡಕ್ಕೆ ನೀರೆರೆದರೆ ಆಯುಸ್ಸು ಬೆಳೆಯುವುದೆಂದು ಸಾರುವವರುಂಟು. ಅದು ಅವಸರದ ಮಾತು. ಮರಣದ ಲೆಕ್ಕದ ವಿಷಯದಲ್ಲಿ ತಾವು ಮೊದಲು ಹೇಳಿದಷ್ಟು ದೃಢತೆಯಿಲ್ಲವೆಂದು ಆ ವಿದುಷಿಯರೇ ೧೯೭೮ರಲ್ಲಿ ತಿದ್ದುಪಡಿಯನ್ನು ಪ್ರಕಟಿಸಿದರು. ತಪ್ಪನ್ನು ತಾವೇ ಒಪ್ಪಿಕೊಳ್ಳುವ ಪಂಡಿತರಲ್ಲಿ ನಮಗೆ ಗೌರವವು ಹೆಚ್ಚುವುದು.

ರಿಚರ್ಡ್ ಷುಲ್ಸ್ ಎಂಬವರ ಪ್ರಯೋಗವೂ ಇದೇ ಕಾಲದ್ದು. ತಮ್ಮನ್ನು ಕಾಣಲು ಬರುವ ವಿದ್ಯಾರ್ಥಿಗಳು ಯಾವಾಗ ಬರಬೇಕು, ಎಷ್ಟು ಹೊತ್ತು ಇರಬೇಕು ಎಂದು ತಾವೇ ಗೊತ್ತುಮಾಡಿದ ವೃದ್ಧರು ಹೆಚ್ಚು ಉಲ್ಲಾಸದಿಂದಿದ್ದರು. ಆದರೆ ಪ್ರಯೋಗವು ಮುಗಿದು ಆ ಭೇಟಿಗಳು ನಿಂತಮೇಲೆ ಅವರೇ ಕುಸಿದರು. ಕೊಟ್ಟುದನ್ನು ಹಿಂದೆಗೆದುಕೊಳ್ಳುವುದು ಕೊಡದಿರುವುದಕ್ಕಿಂತಲೂ ಕ್ರೂರವೆಂದು ನಮಗೆ ತೋರುವುದು.

ಶುಶ್ರೂಷೆಯೆಂಬ ಶಬ್ದಕ್ಕೆ ಸಂಸ್ಕೃತದಲ್ಲಿ ಮೂಲಾರ್ಥವು 'ಕೇಳಬೇಕೆಂಬ ಇಚ್ಛೆ' ಎಂದು. ಮೂವತ್ತು ವರ್ಷಗಳ ಕಾಲ ಇದನ್ನು ಮಕ್ಕಳಿಗೆ ಬೋಧಿಸಿದ ನಾವು ಮನೆಯಲ್ಲಿ ಮರೆತೆವು. ನಮ್ಮ ತಾಯಿಯವರು ಎಂಬತ್ತು ದಾಟಿದಮೇಲೆ ತುಲಸಿಗೆ ನೀರೆರೆಯುವಾಗ ಒಮ್ಮೆ ಜಾರಿದರು. ಪೆಟ್ಟೇನೂ ಆಗಲಿಲ್ಲ. ಆದರೂ ಅವರನ್ನು ಒಂದು ಮಾತೂ ಕೇಳದೆ ಆ ಕೆಲಸವನ್ನು ಬಿಡಿಸಿದೆವು. ಬರಬರುತ್ತ ಹಬ್ಬದ ಅಡಿಗೆಗೆ ಏನೆಂದು ವಿಚಾರಿಸುವುದನ್ನೂ ಅವರು ನಿಲ್ಲಿಸಿದರು. ಈ ಸಂಶೋಧನೆಗಳನ್ನು ಓದಿದಮೇಲೆ ಹಿತ್ತಿಲ ಮೆಟ್ಟಿಲಿಗೆ ಹಿಡಿಗಂಬಿಯನ್ನು ಹಾಕಿಸಿ, ತಂಬಿಗೆಯನ್ನು ಅವರ ಮುಂದಿಟ್ಟು, "ಅಮ್ಮಾ, ನೀರೆರೆಯುವಿರಾ?" ಎಂದು ಕೇಳಿದೆವು. ಅವರು ಕಂಬಿಯನ್ನು ಹಿಡಿದು ನಿಧಾನವಾಗಿ ಇಳಿದು, ಕಟ್ಟೆಯ ಮಣ್ಣನ್ನು ಬೆರಳಿನಿಂದ ಒತ್ತಿನೋಡಿ, "ಮಳೆಗಾಲದಲ್ಲಿ ಇಷ್ಟು ನೀರು ಹೊಯ್ದರೆ ಬೇರು ಕೊಳೆಯದೇನೋ? ಯಾರು ಹೊಯ್ದದ್ದು?" ಎಂದು ನಮ್ಮನ್ನು ಗದರಿದರು.